ಪಲ್ಲವಿ ಉಳಿಯಿತು, ಚರಣ ಎಲ್ಲಿ ಹೋಯಿತು?

ಬ್ಯಾಂಡಿನವರ ಸಂದರ್ಶನಗಳಲ್ಲಿ ತಪ್ಪದೆ ಬರುವ ಎರಡು ಪ್ರಶ್ನೆಗಳಿವೆ. ನಿಮ್ಮ ಮೇಲೆ ಯಾರ ಪ್ರಭಾವ? ನಿಮಗೆ ತುಂಬ ಇಷ್ಟವಾದ ಹಾಡು ಯಾವುದು? ಉತ್ತರಗಳೂ ಹೆಚ್ಚುಕಡಿಮೆ ಒಂದೇ ಬಗೆಯವು. ನಾಲ್ಕು ಇಂಗ್ಲಿಷ್ ಹೆಸರು, ಒಬ್ಬ ಹಿಂದೂಸ್ತಾನಿ ಅಥವಾ ಕರ್ನಾಟಕ ಸಂಗೀತದ ದೊಡ್ಡವರು, ಕೊನೆಗೆ "ನಮ್ಮ ಜಾನಪದ" ಎಂಬ ಒಂದು ಮಾತು. ಆ ಕೊನೆಯ ಮಾತಿನ ಬಗ್ಗೆ ಯಾರೂ ಮುಂದಕ್ಕೆ ಕೇಳುವುದಿಲ್ಲ. ಯಾವ ಜಾನಪದ, ಯಾರು ಹಾಡಿದ್ದು, ಅದರಿಂದ ತೆಗೆದುಕೊಂಡಿದ್ದೇನು, ಬಿಟ್ಟಿದ್ದೇನು ಎಂಬುದು ಅಲ್ಲಿಗೇ ನಿಲ್ಲುತ್ತದೆ.

ಈ ಪ್ರಶ್ನೆಗಳಿಗೆ ಹಾಡುಗಾರರ ಮಾತಿಗಿಂತ ಹಾಡುಗಳೇ ಸರಿಯಾದ ಉತ್ತರ ಕೊಡುತ್ತವೆ ಎಂದು ನಾನು ನಂಬಿದ್ದೇನೆ. ಒಂದು ಬ್ಯಾಂಡು ಎಲ್ಲಿ ನಿಲ್ಲುತ್ತದೆ, ಎಲ್ಲಿ ಓಡುತ್ತದೆ, ಯಾವ ಸಾಲನ್ನು ಮತ್ತೆ ಮತ್ತೆ ಹಾಡುತ್ತದೆ, ಯಾವುದನ್ನು ಬೇಗ ದಾಟುತ್ತದೆ ಎಂಬುದನ್ನು ಗಮನಿಸಿದರೆ ಪ್ರಭಾವ ತಾನಾಗಿ ಕಾಣುತ್ತದೆ. ಕನ್ನಡದಲ್ಲಿ ಹೀಗೆ ಗಮನಿಸಿ ಕೇಳಬೇಕಾದ ಬ್ಯಾಂಡುಗಳಲ್ಲಿ ಮೊದಲನೆಯದು ರಘು ದೀಕ್ಷಿತ್ ಪ್ರಾಜೆಕ್ಟ್, ಎರಡನೆಯದು ಸ್ವರಾತ್ಮ. ಇವೆರಡನ್ನೂ ನಾನು ನಂದಿಯಲ್ಲಿ ಕೂತು ಕೇಳಿದವನು. ಬೆಟ್ಟದ ಕೆಳಗಿನ ಈ ಸೀಮೆಯಲ್ಲಿ ಬೇರೆಯದೇ ಹಾಡುಗಳಿವೆ. ಆದ್ದರಿಂದ ನನ್ನ ಕೇಳುವಿಕೆಯಲ್ಲಿ ಸ್ವಲ್ಪ ತಕರಾರೂ ಇದೆ.

ಮೊದಲು ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದವರು, ಸೂಕ್ಷ್ಮಜೀವಿ ವಿಜ್ಞಾನ ಓದಿದವರು, ಭರತನಾಟ್ಯ ಕಲಿತವರು. ಕಾಲೇಜಿನಲ್ಲಿ ಸಹಪಾಠಿಯೊಬ್ಬ ಭರತನಾಟ್ಯವನ್ನು ಆಡಿಕೊಂಡಿದ್ದಕ್ಕೆ ಪಂತ ಕಟ್ಟಿ ಗಿಟಾರ್ ಕಲಿತೆ ಎಂದು ಅವರೇ ಹೇಳಿಕೊಂಡಿದ್ದಾರೆ. ಅವರು ವೇದಿಕೆಯ ಮೇಲೆ ಬಣ್ಣದ ಲುಂಗಿ ಉಟ್ಟು ಕಾಲಿಗೆ ಗೆಜ್ಜೆ ಕಟ್ಟಿ ನಿಲ್ಲುವುದನ್ನು ನೋಡುವಾಗ ಆ ಪಂತ ಇನ್ನೂ ಮುಗಿದಿಲ್ಲ ಅನಿಸುತ್ತದೆ. ಕೈಯಲ್ಲಿ ಗಿಟಾರು, ಕಾಲಲ್ಲಿ ಗೆಜ್ಜೆ, ಎರಡನ್ನೂ ಬಿಡಲಾರೆ ಎಂಬ ಹಟ ಅದು. ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ 2008ರಲ್ಲಿ ಬಂದ ಮೊದಲ ಆಲ್ಬಮ್ಮಿನಲ್ಲಿ ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಇದ್ದವು. ಕನ್ನಡದ ಪಾಲಿಗೆ ಬಂದ ಎರಡೂ ಹಾಡು ಶಿಶುನಾಳ ಶರೀಫರವು: 'ಗುಡುಗುಡಿಯ ಸೇದಿ ನೋಡೋ' ಮತ್ತು 'ಸೋರುತಿಹುದು ಮನಿಯ ಮಾಳಿಗಿ'. 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲಿ 'ಲೋಕದ ಕಾಳಜಿ' ಸೇರಿತು.

ಶರೀಫರೇ ಯಾಕೆ? ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಮುಸ್ಲಿಂ ಮನೆಯ ಹುಡುಗ, ಕಳಸದ ಗೋವಿಂದಭಟ್ಟರೆಂಬ ಬ್ರಾಹ್ಮಣ ಗುರು. ಈ ಕತೆಗೇ ಒಂದು ಸೆಳೆತವಿದೆ. ಆದರೆ ಮೈಸೂರಿನ ಹುಡುಗನ ಕಿವಿಗೆ ಶರೀಫರನ್ನು ತಂದು ಹಾಕಿದ್ದು ಕತೆಯಲ್ಲ, ಸಿ. ಅಶ್ವಥ್. ಉತ್ತರ ಕರ್ನಾಟಕದ ಭಜನಾ ಮೇಳಗಳಲ್ಲಿ ಬಾಯಿಂದ ಬಾಯಿಗೆ ಸಾಗುತ್ತಿದ್ದ ಪದಗಳನ್ನು ಅಶ್ವಥ್ ಕ್ಯಾಸೆಟ್ಟುಗಳ ಮೂಲಕ, ನಾಗಾಭರಣರ 'ಸಂತ ಶಿಶುನಾಳ ಶರೀಫ' ಚಿತ್ರದ ಮೂಲಕ ಹಳೆ ಮೈಸೂರಿನ ಮನೆಮನೆಗೆ ಮುಟ್ಟಿಸಿದರು. ಶರೀಫರೆಂದರೆ ನಮ್ಮ ಕಡೆಯವರಿಗೆ ಇಂದಿಗೂ ಅಶ್ವಥರ ಏರುದನಿಯೇ. ಹಾಗಾಗಿ ರಘು ದೀಕ್ಷಿತರ ಮೇಲೆ ಶರೀಫರ ಪ್ರಭಾವ ಎಂದು ಹೇಳುವಾಗ ನಡುವೆ ಒಬ್ಬರು ನಿಂತಿದ್ದಾರೆ ಎಂಬುದನ್ನು ಮರೆಯಬಾರದು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನಡೆದ 'ಕನ್ನಡವೇ ಸತ್ಯ' ಕಾರ್ಯಕ್ರಮದಲ್ಲಿ ಅಶ್ವಥ್ ಒಂದು ಸಂಗತಿಯನ್ನು ತೋರಿಸಿಕೊಟ್ಟಿದ್ದರು. ಭಾವಗೀತೆ ಕೇಳಲು ಸಭಾಂಗಣವೇ ಬೇಕಿಲ್ಲ, ಮೈದಾನ ತುಂಬ ಜನ ನಿಂತು ಜೊತೆಗೆ ಹಾಡುತ್ತಾರೆ. ರಾಕ್ ಸಂಗೀತದ ವೇದಿಕೆಗೆ ಬೇಕಾಗಿದ್ದೂ ಅದೇ.

ಈಗ ಹಾಡುಗಳಿಗೆ ಬರೋಣ. 'ಗುಡುಗುಡಿ'ಯಲ್ಲಿ ಶರೀಫರು ಹುಕ್ಕಾದ ಒಂದೊಂದು ಭಾಗವನ್ನೂ ಮನಸ್ಸು, ಬುದ್ಧಿ, ದೇಹಗಳ ಲೆಕ್ಕಕ್ಕೆ ಸೇರಿಸುತ್ತ ಹೋಗುತ್ತಾರೆ. ಪಲ್ಲವಿ ಕೇಳಿದವನಿಗೆ ಇದೊಂದು ಚಟದ ಹಾಡು. ಚರಣಗಳನ್ನು ದಾಟಿ ಬಂದವನಿಗೆ ಅದೇ ಪಲ್ಲವಿ ಸಾಧನೆಯ ಕರೆಯಾಗಿರುತ್ತದೆ. ಅಂದರೆ ಪಲ್ಲವಿಯ ಅರ್ಥವನ್ನು ಬದಲಿಸುವುದೇ ಚರಣದ ಕೆಲಸ. ರಘು ದೀಕ್ಷಿತರ ಹಾಡಿಕೆಯಲ್ಲಿ ಪಲ್ಲವಿಯೇ ರಾಜ. ಅದಕ್ಕೆ ಡ್ರಮ್ಮು, ಬೇಸ್, ಪಿಟೀಲು ಎಲ್ಲ ಸೇರಿ ದೊಡ್ಡ ಬಾಗಿಲು ತೆರೆದಂತೆ ಆಗುತ್ತದೆ, ಜನ ಒಳಗೆ ನುಗ್ಗುತ್ತಾರೆ. ಚರಣಗಳು ಎರಡು ಪಲ್ಲವಿಗಳ ನಡುವಿನ ಓಣಿಯಂತೆ ಕಳೆದುಹೋಗುತ್ತವೆ. ಹಾಡು ಮುಗಿದಾಗ ಮೈ ಬೆವರಿರುತ್ತದೆ, ಹುಕ್ಕಾ ಹುಕ್ಕಾ ಆಗಿಯೇ ಉಳಿದಿರುತ್ತದೆ.

'ಸೋರುತಿಹುದು' ಹಾಗಲ್ಲ. ನನ್ನ ಕಿವಿಗೆ ಈ ಬ್ಯಾಂಡಿನ ಅತ್ಯುತ್ತಮ ಕನ್ನಡ ಹಾಡು ಇದೇ. ಮಾಳಿಗೆ ಸೋರುತ್ತಿದೆ, ಸೋರುವುದಕ್ಕೆ ಕಾರಣ ಅಜ್ಞಾನ, ಸರಿಮಾಡುವವರು ಯಾರೂ ಕಾಣುತ್ತಿಲ್ಲ ಎಂಬ ಸಂಕಟದ ಪದ ಅದು. ಇಲ್ಲಿ ಲಯ ಇಳಿದಿದೆ, ಗಿಟಾರು ಹಿಂದೆ ಸರಿದಿದೆ, ದನಿಗೆ ಜಾಗ ಸಿಕ್ಕಿದೆ. ಒಂದೊಂದು ಚರಣವೂ ಮಾಳಿಗೆಯ ಒಂದೊಂದು ತೂತಿನಂತೆ ಕೇಳುತ್ತದೆ. ಮುಖ್ಯವಾದ ಇನ್ನೊಂದು ಸಂಗತಿ, ಮೈಸೂರಿನ ಹಾಡುಗಾರ ಇಲ್ಲಿ 'ಮನಿ', 'ಮಾಳಿಗಿ' ಎಂಬ ಧಾರವಾಡ ಸೀಮೆಯ ಉಚ್ಚಾರವನ್ನು ತಿದ್ದದೆ ಉಳಿಸಿಕೊಂಡಿದ್ದಾರೆ. ಪುಸ್ತಕದ ಕನ್ನಡಕ್ಕೆ ಎಳೆದು ತಂದಿದ್ದರೆ ಆ ಮನೆ ಯಾರದ್ದೂ ಅಲ್ಲದ ಮನೆಯಾಗಿಬಿಡುತ್ತಿತ್ತು. ಪ್ರಭಾವ ನಿಜವಾಗಿ ಒಳಗೆ ಇಳಿದಿದೆ ಎಂಬುದಕ್ಕೆ ನನಗೆ ಸಿಗುವ ಗುರುತು ಇಂಥದ್ದು. ಮೂಲದವರ ನಾಲಿಗೆಗೆ ಹಾಡುಗಾರ ತನ್ನ ನಾಲಿಗೆಯನ್ನು ಒಗ್ಗಿಸಿಕೊಂಡಿದ್ದಾನೆ.

'ಲೋಕದ ಕಾಳಜಿ'ಯದು ವಿಚಿತ್ರ ಪಾಡು. ಲೋಕದ ಚಿಂತೆಯೆಲ್ಲ ತನ್ನದೇ ಎಂದುಕೊಂಡವನನ್ನು ಶರೀಫರು ಇಲ್ಲಿ ಕಾಲೆಳೆಯುತ್ತಾರೆ. ವ್ಯಂಗ್ಯ ತಣ್ಣಗಿರಬೇಕು. ಬ್ಯಾಂಡು ಇದನ್ನು ಕುಣಿತದ ಹಾಡು ಮಾಡಿದೆ. ಸಭೆ ಎದ್ದು ನೆಗೆಯುತ್ತದೆ. ಮೊದಮೊದಲು ಇದು ನನಗೆ ತಪ್ಪೆನಿಸುತ್ತಿತ್ತು. ಈಗ ಅಷ್ಟು ಖಚಿತವಾಗಿ ಹೇಳಲಾರೆ. ವಾರವೆಲ್ಲ ಕೆಲಸದ ಕಾಳಜಿ ಹೊತ್ತ ಹುಡುಗ ಹುಡುಗಿಯರು ಶನಿವಾರ ರಾತ್ರಿ ಕಾಳಜಿಯನ್ನೇ ಗೇಲಿಮಾಡುವ ಪದಕ್ಕೆ ನೆಗೆಯುತ್ತಿದ್ದರೆ, ಅದರಲ್ಲಿ ಶರೀಫರು ನಗುವಂಥದ್ದೂ ಏನೋ ಇದೆ.

ಆದರೂ ನನ್ನ ತಕರಾರು ಉಳಿಯುತ್ತದೆ. ತತ್ವಪದದ ಕಟ್ಟಡವನ್ನು ಒಮ್ಮೆ ನೋಡಿ. ಪಲ್ಲವಿ ಒಂದು ಒಗಟು ಮುಂದಿಡುತ್ತದೆ. ಚರಣಗಳು ಅದನ್ನು ಬಿಡಿಸುವಂತೆ ಮಾಡಿ ಇನ್ನಷ್ಟು ಗಂಟು ಹಾಕುತ್ತವೆ. ಕೊನೆಯ ಚರಣದಲ್ಲಿ ಅಂಕಿತ ಬರುತ್ತದೆ, ಶರೀಫರಿಗೆ ಅದು ಶಿಶುನಾಳಾಧೀಶ. ಹಾಡಿದವನು ಯಾರ ಮುಂದೆ ನಿಂತು ಹಾಡುತ್ತಿದ್ದಾನೆ ಎಂಬುದು ಆಗ ತಿಳಿಯುತ್ತದೆ. ಹಳ್ಳಿಯ ಭಜನೆಯಲ್ಲಿ ಒಬ್ಬ ಸಾಲು ಹೇಳುತ್ತಾನೆ, ಉಳಿದವರು ತಿರುಗಿ ಹೇಳುತ್ತಾರೆ. ಹಾಗೆ ತಿರುಗಿ ಹೇಳುವುದು ಪಲ್ಲವಿಯನ್ನು ಮಾತ್ರವಲ್ಲ, ಚರಣದ ಸಾಲುಗಳನ್ನೂ. ಕೇಳುಗನ ಬಾಯಲ್ಲೂ ಒಗಟು ತಿರುಗಾಡುತ್ತದೆ. ನಡುವೆ ಯಾರಾದರೂ ನಿಲ್ಲಿಸಿ "ಇದರರ್ಥ ಏನಪ್ಪಾ?" ಎಂದು ಕೇಳಬಹುದು, ಹಿರಿಯರೊಬ್ಬರು ಹೇಳಬಹುದು, ಮತ್ತೊಬ್ಬರು ಅದಲ್ಲ ಅನ್ನಬಹುದು. ನಮ್ಮ ಸಂಗೀತಪ್ರಿಯರು ತತ್ವಪದದಿಂದ ಬ್ಯಾಂಡು ಏನು ತೆಗೆದುಕೊಂಡಿತು ಎಂದು ಕೇಳಿದರೆ "ಮಾತು ಮತ್ತು ಭಾವ" ಅನ್ನುತ್ತಾರೆ. ನಾನು "ಒಟ್ಟಾಗಿ ಹಾಡುವುದನ್ನು" ಅನ್ನುತ್ತೇನೆ. ಅದು ಸಣ್ಣ ಸಾಲವಲ್ಲ. ಆದರೆ ಒಟ್ಟಾಗಿ ಯೋಚಿಸುವುದು ಆ ಸಾಲದ ಪತ್ರದಲ್ಲಿ ಸೇರಲಿಲ್ಲ.

ಇದಕ್ಕೆ ಎದುರು ಮಾತೂ ಇದೆ, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅಶ್ವಥ್ ಹಾಡಿದಾಗಲೂ ತತ್ವಪದ ಭಜನೆಯ ಕಟ್ಟೆಯಿಂದ ಎದ್ದು ವೇದಿಕೆ ಹತ್ತಿತ್ತು. ಆಗಲೂ ಕೇಳುಗ ಪ್ರೇಕ್ಷಕನಾಗಿದ್ದ. ಬ್ಯಾಂಡು ಹಾಡಿದ್ದರಿಂದಲೇ ಶರೀಫರ ಹೆಸರು ತಿಳಿದು, ಆಮೇಲೆ ಪುಸ್ತಕ ಹುಡುಕಿದ ವಿದ್ಯಾರ್ಥಿಗಳನ್ನು ನಾನೇ ಕಂಡಿದ್ದೇನೆ. ಕೆಡಿಸಿದರು ಎಂದು ಗೊಣಗುವವರು ಕನ್ನಡ ಬಾರದವರ ಮುಂದೆ ಶರೀಫರನ್ನು ಯಾವತ್ತೂ ಹಾಡಿದವರಲ್ಲ. ಈ ಬ್ಯಾಂಡು ಬ್ರಿಟನ್ನಿನವರೆಗೆ ಹೋಗಿ, ಅಲ್ಲಿನ 'ಸಾಂಗ್‌ಲೈನ್ಸ್' ಪತ್ರಿಕೆಯಿಂದ ಹೊಸಬರ ಪ್ರಶಸ್ತಿ ಪಡೆದು ಬಂದಿದೆ. ಎಲ್ಲ ಸರಿ. ದಾರಿ ತೆರೆದವರಿಗೆ ಸಲ್ಲಬೇಕಾದ್ದು ಸಲ್ಲಲಿ. ನಾನು ಕೇಳುತ್ತಿರುವುದು ಆ ದಾರಿಯಲ್ಲಿ ಮುಂದಿನವರು ಎಲ್ಲಿಗೆ ಹೋಗಬಹುದು ಎಂಬುದನ್ನು.

ಸ್ವರಾತ್ಮ ಅದೇ ಮನೆಯ ಇನ್ನೊಂದು ಕವಲು. ಹಾಡುಗಾರ ವಾಸು ದೀಕ್ಷಿತ್ ರಘು ಅವರ ತಮ್ಮ. 2009ರಲ್ಲಿ ಮೊದಲ ಆಲ್ಬಮ್, 2012ರಲ್ಲಿ 'ಟೋಪಿವಾಲೆ', 2018ರಲ್ಲಿ 'ರಾಹ್-ಎ-ಫಕೀರಾ'. ಇವರು ಹಳೆಯ ಪದಗಳನ್ನು ಎತ್ತಿಕೊಳ್ಳುವುದಕ್ಕಿಂತ ಹೊಸ ಹಾಡು ಕಟ್ಟಿದ್ದೇ ಹೆಚ್ಚು, ಅವುಗಳಲ್ಲೂ ಹೆಚ್ಚಿನವು ಹಿಂದಿಯವು. 'ಪ್ಯಾಸಿ' ಎಂಬ ಹಾಡಿನಲ್ಲಿ ಕಾವೇರಿಯ ಜಗಳವನ್ನು ನದಿಯ ಕಡೆಯಿಂದ ನೋಡಿದ್ದಾರೆ. 'ಈ ಭೂಮಿ' ಕನ್ನಡದ್ದು. ಸ್ವರಾತ್ಮದಲ್ಲಿ ನನಗೆ ಕುತೂಹಲ ಹುಟ್ಟಿಸಿದ್ದು ಹಾಡಿಗಿಂತ ಕುದುರೆ. ವಾಸು ಸೊಂಟಕ್ಕೆ ಹುಸಿಕುದುರೆ ಕಟ್ಟಿಕೊಂಡು ವೇದಿಕೆಯ ಮೇಲೆ ಕುಣಿದದ್ದುಂಟು. ಬೆಂಗಳೂರಿನ ಹೊಸ ಕೇಳುಗನಿಗೆ ಅದು ತಮಾಷೆಯ ವೇಷ. ನಮ್ಮ ಸೀಮೆಯವನಿಗೆ ಅದು ಕೀಲುಕುದುರೆ. ಜಾತ್ರೆಯಲ್ಲಿ ತೇರಿನ ಮುಂದೆ ರಾಜ ರಾಣಿಯರಾಗಿ ಕುಣಿಯುವವರು ಕಟ್ಟುವ ಕುದುರೆ. ಅದರ ಹಿಂದೆ ವಾದ್ಯವೊಂದು ಇದ್ದೇ ಇರುತ್ತದೆ. ಸ್ವರಾತ್ಮದ ವೇದಿಕೆಗೆ ಕುದುರೆ ಬಂತು, ಅದನ್ನು ಕುಣಿಸುವ ವಾದ್ಯ ಹಿಂದೆಯೇ ಉಳಿಯಿತು. ಜಾಗದಲ್ಲಿ ಡ್ರಮ್ ಸೆಟ್ಟು ಕೂತಿತ್ತು.

ಇಲ್ಲಿಂದ ನನ್ನ ಊರಿನ ಮಾತು ಶುರುವಾಗುತ್ತದೆ. ಚಿಂತಾಮಣಿ ತಾಲ್ಲೂಕಿನ ಕೈವಾರದಲ್ಲಿ ಬಾಳಿದ ಯೋಗಿ ನಾರೇಯಣರನ್ನು ನಾವು ತಾತಯ್ಯ ಎನ್ನುತ್ತೇವೆ. ಸಂಪ್ರದಾಯದ ಲೆಕ್ಕದಲ್ಲಿ ಅವರ ಕಾಲ 1726ರಿಂದ 1836. ಬಳೆ ಮಾರುತ್ತಿದ್ದವರು. ತೆಲುಗಿನಲ್ಲೂ ಕನ್ನಡದಲ್ಲೂ ಪದ ಕಟ್ಟಿದವರು, ಕಾಲಜ್ಞಾನ ಹೇಳಿದವರು. ಗುರುಪೂರ್ಣಿಮೆಯ ಹೊತ್ತಿಗೆ ಕೈವಾರದಲ್ಲಿ ಹಗಲು ರಾತ್ರಿ ಸಂಗೀತ ನಡೆಯುತ್ತದೆ. ದೊಡ್ಡ ವಿದ್ವಾಂಸರ ಜೊತೆಗೆ ಹಳ್ಳಿಗಳ ಭಜನಾ ತಂಡಗಳೂ ಬರುತ್ತವೆ. ಹಾರ್ಮೋನಿಯಂ, ತಬಲ ಅಥವಾ ಡೋಲಕ್, ತಾಳ, ಅಷ್ಟೇ. ಬಾಗೇಪಲ್ಲಿಯಿಂದ ಬಂದವರು ತೆಲುಗಿನ ಚರಣ ಹಾಡುತ್ತಿದ್ದರೆ ಶಿಡ್ಲಘಟ್ಟದ ಕನ್ನಡದವರು ತಿರುಗಿ ಹಾಡುತ್ತಾರೆ, ಯಾರಿಗೂ ಅನುವಾದ ಬೇಕಿಲ್ಲ. ಶರೀಫರಿಗಿಂತ ಒಂದು ಶತಮಾನದಷ್ಟು ಹಿಂದಿನ, ಅವರಷ್ಟೇ ಒಗಟಿನ ಪದಗಳಿವು. ಇವುಗಳ ಹತ್ತಿರ ಬಂದ ಹೆಸರಾಂತ ಬ್ಯಾಂಡನ್ನು ನಾನು ಕೇಳಿಲ್ಲ.

ಕಾರಣ ಹುಡುಕುವುದು ಕಷ್ಟವಲ್ಲ. ತಾತಯ್ಯನಿಗೆ ಒಬ್ಬ ಅಶ್ವಥ್ ಸಿಗಲಿಲ್ಲ, ಅದು ಒಂದು. ಭಾಷೆ ಇನ್ನೊಂದು. ತೆಲುಗು ಪದ ಹಾಡಿದರೆ ಅದು ಕನ್ನಡ ಬ್ಯಾಂಡು ಹೇಗಾದೀತು ಎಂಬ ಅಳುಕು. ಇದರಲ್ಲೊಂದು ತಮಾಷೆಯಿದೆ. ಈ ಬ್ಯಾಂಡುಗಳ ಆಲ್ಬಮ್ಮುಗಳಲ್ಲಿ ಕನ್ನಡದ ಪಕ್ಕದಲ್ಲಿ ಹಿಂದಿ ಆರಾಮವಾಗಿ ಕೂತಿದೆ, ಇಂಗ್ಲಿಷ್ ಕೂತಿದೆ. ಅದನ್ನು ಯಾರೂ ಪ್ರಶ್ನಿಸುವುದಿಲ್ಲ. ದೂರದ ಮಾರುಕಟ್ಟೆಯ ಭಾಷೆಗೆ ಕುರ್ಚಿ ಸಿಗುತ್ತದೆ, ಪಕ್ಕದ ಮನೆಯ ಭಾಷೆ ಹೊಸ್ತಿಲಲ್ಲಿ ನಿಲ್ಲುತ್ತದೆ. ಎರಡು ನುಡಿಯಲ್ಲಿ ಉಸಿರಾಡುವ ನಮ್ಮಂಥ ಗಡಿಸೀಮೆಯ ಹುಡುಗರು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಬ್ಯಾಂಡು ಕಟ್ಟಿದರೆ ಶರೀಫರ ಪದವನ್ನು ಧಾರವಾಡದ ಉಚ್ಚಾರದಲ್ಲಿ, ಬೆಂಗಳೂರಿನ ಬ್ಯಾಂಡಿನ ಧಾಟಿಯಲ್ಲಿ ಹಾಡುತ್ತಾರೆ. ಮನೆಯಲ್ಲಿ ಅಜ್ಜಿ ಹಾಡುವ ತಾತಯ್ಯನ ಪದ ಅವರ ಲೆಕ್ಕದಲ್ಲಿ ಸಂಗೀತವೇ ಅಲ್ಲ, ಅದು ಭಜನೆ.

ಮತ್ತೆ ಆ ಕುದುರೆಯ ಹಿಂದಿನ ವಾದ್ಯ, ತಮಟೆ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು, ತಮಟೆಗೆ ಬಂತು. ಬೆಂಕಿಗೆ ಹಿಡಿದು ಕಾಯಿಸಿ, ಚರ್ಮ ಬಿಗಿಯಾದ ಮೇಲೆ ಎರಡು ಕೋಲಿನಲ್ಲಿ ನುಡಿಸುವ ಈ ವಾದ್ಯ ನಮ್ಮ ಜಾತ್ರೆಗೂ ಬೇಕು, ಸಾವಿಗೂ ಬೇಕು. ಆದರೆ ಅದನ್ನು ನುಡಿಸುವವರ ಕೇರಿ ಊರಿನ ಹೊರಗಿತ್ತು. ಬ್ಯಾಂಡುಗಳ "ನಮ್ಮ ಜಾನಪದ"ದಲ್ಲಿ ಪಿಟೀಲಿಗೆ, ಕೊಳಲಿಗೆ ಜಾಗ ಸಿಕ್ಕಷ್ಟು ಸುಲಭವಾಗಿ ತಮಟೆಗೆ ಸಿಗದಿರುವುದನ್ನು ಬರೀ ನಾದದ ಪ್ರಶ್ನೆ ಎಂದು ನಾನು ಒಪ್ಪಲಾರೆ. ಯಾವ ಜಾನಪದ ಎಂದು ಸಂದರ್ಶಕರು ಕೇಳದೆ ಬಿಡುವ ಪ್ರಶ್ನೆ ಇಲ್ಲಿ ಯಾರ ಜಾನಪದ ಎಂದಾಗುತ್ತದೆ.

ಇದಕ್ಕೆ ಮಾದರಿಯಿಲ್ಲ ಎನ್ನುವಂತಿಲ್ಲ. ಚೆನ್ನೈಯಲ್ಲಿ ಪಾ. ರಂಜಿತ್ ಮತ್ತು ಸಂಗೀತಗಾರ ತೆನ್ಮಾ ಸೇರಿ ಕಟ್ಟಿದ 'ಕ್ಯಾಸ್ಟ್‌ಲೆಸ್ ಕಲೆಕ್ಟಿವ್' 2018ರ ಜನವರಿಯಲ್ಲಿ ಮೊದಲ ಸಲ ವೇದಿಕೆ ಹತ್ತಿದಾಗ ಗಾನಾ ಹಾಡುಗಾರರೂ ಪರೈ ವಾದ್ಯವೂ ರಾಕ್ ಗಿಟಾರಿನ ಪಕ್ಕದಲ್ಲೇ ನಿಂತಿದ್ದವು. ಅಲ್ಲಿ ಪರೈ ಅಲಂಕಾರಕ್ಕೆ ಬಂದದ್ದಲ್ಲ, ಹಾಡಿನ ವೇಗವನ್ನು ಅದೇ ಗೊತ್ತುಮಾಡುತ್ತಿತ್ತು. ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. 2007ರವರೆಗೆ ನಾವೂ ಕೋಲಾರ ಜಿಲ್ಲೆಯವರೇ. ಆ ಸೀಮೆಯ ಪಿಚ್ಚಳ್ಳಿ ಶ್ರೀನಿವಾಸ್, ಗೊಲ್ಲಹಳ್ಳಿ ಶಿವಪ್ರಸಾದ್ ಅವರಂಥವರು ದಲಿತ ಚಳವಳಿಯ ಹಾಡುಗಳನ್ನು ಊರೂರಿಗೆ ಒಯ್ದವರು. ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದ 1975ರಿಂದ ಇತ್ತೀಚಿನವರೆಗೆ ಕನ್ನಡದಲ್ಲಿ ಸ್ವತಂತ್ರ ಸಂಗೀತ ಎಂಬುದಿದ್ದರೆ, ಯಾವ ಕಂಪನಿಯ ಹಂಗೂ ಇಲ್ಲದೆ ತಮ್ಮ ದನಿಯಲ್ಲಿ ತಾವೇ ಹಾಡಿದ ಇವರದ್ದೇ ಮೊದಲು. ಇಂಡೀ ಎಂಬ ಮಾತು ಬರುವ ಮೊದಲೇ ಇವರು ಅದನ್ನು ಬದುಕಿದ್ದರು. ಬ್ಯಾಂಡುಗಳ ಪ್ರಭಾವದ ಪಟ್ಟಿಯಲ್ಲಿ ಇವರ ಹೆಸರು ಯಾಕೆ ಬರುವುದಿಲ್ಲ ಎಂದು ಕೇಳಿಕೊಳ್ಳಬೇಕಾದವರು ಬ್ಯಾಂಡಿನವರಷ್ಟೇ ಅಲ್ಲ, ಕೇಳುಗರಾದ ನಾವು ಕೂಡ.

ಹಾಗಂತ ನಾಳೆಯೇ ಯಾರೋ ಬೆಂಗಳೂರಿನಿಂದ ಬಂದು ಕೈವಾರದ ಪದವೊಂದನ್ನು ರೆಕಾರ್ಡು ಮಾಡಿಕೊಂಡು, ಮೇಲೊಂದಿಷ್ಟು ಡ್ರಮ್ ಬಾರಿಸಿ ಬಿಡಲಿ ಎಂದು ನಾನು ಬಯಸುತ್ತಿಲ್ಲ. ಶಬನಂ ವೀರಮಾನಿ ಬೆಂಗಳೂರಿನಿಂದ ಹೊರಟು ಕಬೀರನ ಹಿಂದೆ ವರ್ಷಗಟ್ಟಲೆ ತಿರುಗಿದಾಗ ಮಾಳವದ ಪ್ರಹ್ಲಾದ ಟಿಪಾಣ್ಯರ ಹೆಸರೂ ಮುಖವೂ ಕಬೀರನಷ್ಟೇ ಮುಂದೆ ಬಂದವು. ಪದವನ್ನು ಕಾಪಾಡಿಕೊಂಡು ಬಂದ ಹಾಡುಗಾರನನ್ನು ಬಿಟ್ಟು ಪದ ಮಾತ್ರ ಬರಲಿಲ್ಲ. ಅದೊಂದು ಅಳತೆಗೋಲು. ಕನಕದಾಸ ಅಧ್ಯಯನ ಕೇಂದ್ರದವರು ಕರ್ನಾಟಕದ ತತ್ವಪದಗಳನ್ನು ಹತ್ತಾರು ಸಂಪುಟಗಳಲ್ಲಿ ತಂದಿದ್ದಾರೆ. ಮಾತು ಹೀಗೆ ಅಚ್ಚಾಗಿ ಉಳಿಯಿತು. ಧಾಟಿ ಮಾತ್ರ ಇನ್ನೂ ಹಾಡುವವರ ಗಂಟಲಲ್ಲೇ ಇದೆ, ಅವರಿಗೆ ವಯಸ್ಸಾಗುತ್ತಿದೆ. ಕಲಿಯಬೇಕೆಂದರೆ ಅವರ ಪಕ್ಕದಲ್ಲೇ ಕೂರಬೇಕು, ಕಲಿಸಿದವರ ಹೆಸರು ಹಾಡಿನ ಜೊತೆ ಬರಬೇಕು, ಹಾಡಿನಿಂದ ಬಂದ ಹಣದಲ್ಲಿ ಅವರಿಗೂ ಪಾಲಿರಬೇಕು.

ಸಂಗೀತದ ಮಟ್ಟದಲ್ಲಿ ಹೇಳುವುದಾದರೆ ನನ್ನ ಬೇಡಿಕೆ ಇನ್ನೂ ಸರಳ. ಚರಣಕ್ಕೆ ಸಮಯ ಕೊಡಿ. ನಾಲ್ಕು ನಿಮಿಷದ ಹಾಡು ಹತ್ತು ನಿಮಿಷವಾದರೆ ಆಗಲಿ. ಸಭೆಯಿಂದ ಪಲ್ಲವಿ ಹಾಡಿಸಿದಂತೆ ಚರಣದ ಒಂದು ಸಾಲನ್ನೂ ಹಾಡಿಸಿ ನೋಡಿ. ಅರ್ಥವಾಗದೆ ಜನ ತಡವರಿಸುತ್ತಾರೆ. ತಡವರಿಸಲಿ, ಒಗಟು ಕೆಲಸ ಮಾಡುವುದು ಅಲ್ಲೇ. ಅಂಕಿತ ಬಂದಾಗ ವಾದ್ಯಗಳು ಒಂದು ಕ್ಷಣ ಸುಮ್ಮನಾಗಲಿ. 'ಸೋರುತಿಹುದು'ವಿನಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ಇದರ ಹತ್ತಿರ ಬಂದಿತ್ತು, ಆದ್ದರಿಂದ ಇದು ಆಗದ ಮಾತೇನಲ್ಲ.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿಯ ಕಾಲೇಜುಗಳಲ್ಲಿ ಈಗ ಗಿಟಾರು ಹಿಡಿದ ಹುಡುಗ ಹುಡುಗಿಯರು ಸಾಕಷ್ಟಿದ್ದಾರೆ. ನಿಮ್ಮ ಮೇಲೆ ಯಾರ ಪ್ರಭಾವ ಎಂದು ಒಂದು ದಿನ ಅವರನ್ನೂ ಯಾರಾದರೂ ಕೇಳುತ್ತಾರೆ. ಬೀಟಲ್ಸ್ ಎನ್ನಲಿ, ರಘು ದೀಕ್ಷಿತ್ ಎನ್ನಲಿ, ಶರೀಫ ಎನ್ನಲಿ, ಎಲ್ಲವೂ ನಿಜವೇ ಇರಬಹುದು. ಆ ಪಟ್ಟಿಯಲ್ಲಿ ಪಕ್ಕದ ಬೀದಿಯ ತಮಟೆಯವರದ್ದೋ ಭಜನೆಯ ಅಜ್ಜಿಯದೋ ಒಂದು ಹೆಸರು ಸೇರಿ, ಹಾಡು ಕೇಳಿದರೆ ಅದು ನಿಜ ಎಂದು ನಮಗೂ ತಿಳಿಯುವಂತಿದ್ದರೆ, ಈ ಸೀಮೆಯ ಮೊದಲ ಬ್ಯಾಂಡು ಹುಟ್ಟಿತು ಎಂದುಕೊಳ್ಳುತ್ತೇನೆ.